ಸ್ಟುಡಿಯೋದಲ್ಲಿ ಕೂತರೆ ಏನೂ ಹೊಳೆಯುವುದಿಲ್ಲ ಅಂದವರಿಗೆ

ನಮಸ್ಕಾರ ಮೇಡಂ. ನಮ್ಮ ಚಿತ್ರಕಲೆ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ ಅನ್ನಿಸಿತು. ಅದಕ್ಕೇ ಇವತ್ತು ಬಿಡುವು ಮಾಡಿಕೊಂಡು ಬರೆಯುತ್ತಿದ್ದೇನೆ.

ಮನೆಯಲ್ಲಿ ಖಾಲಿ ಇದ್ದ ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡಿದ್ದೀರಿ. ಒಳ್ಳೆ ಕಾಗದ, ಬಣ್ಣ, ದೀಪ ಎಲ್ಲ ತಂದಿದ್ದೀರಿ. ನಾಲ್ಕು ತಿಂಗಳಾಯಿತು, ಒಳಗೆ ಹೋಗಿ ಕೂತರೆ ತಲೆ ಖಾಲಿ. ಕೊನೆಗೆ ಪಿಂಟರೆಸ್ಟ್ ತೆಗೆದು ಯಾರದೋ ಚಿತ್ರ ನೋಡಿ ಬರೆಯುತ್ತೀರಿ, ಮುಗಿದ ಮೇಲೆ ಬೇಜಾರಾಗುತ್ತದೆ. "ಆಫೀಸು, ಅಡುಗೆ, ಕುಕ್ಕರ್ ಕೂಗು, ಬಾಲ್ಕನಿಯಲ್ಲಿ ಹೂಬತ್ತಿ ಮಾಡುತ್ತಾ ಕೂತ ಅತ್ತೆ. ಇಷ್ಟೇ ನನ್ನ ದಿನ, ಇದರಲ್ಲಿ ಏನು ಬರೆಯಲಿ?" ಅಂತ ಕೇಳಿದ್ದೀರಿ. ಇಲ್ಲಿ ಕೆಲವರು ಹಂಪಿಗೆ, ಬಾದಾಮಿಗೆ ಹೋಗಿ ಬನ್ನಿ ಎಂದಿದ್ದಾರೆ. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಅದು ವರ್ಷಕ್ಕೊಮ್ಮೆ. ಸ್ಟುಡಿಯೋದಲ್ಲಿ ಕೂರಬೇಕಾದ್ದು ವಾರಕ್ಕೆ ಮೂರು ಸಲ.

ಸ್ಟುಡಿಯೋ ಅಡುಗೆಮನೆ ಇದ್ದ ಹಾಗೆ. ತರಕಾರಿ ಅಲ್ಲಿ ಬೆಳೆಯುವುದಿಲ್ಲ, ಹೊರಗಿನಿಂದ ತರಬೇಕು. ನೀವು ಬರಿಗೈಯಲ್ಲಿ ಹೋಗಿ ಒಲೆ ಹಚ್ಚಿ ಕೂರುತ್ತಿದ್ದೀರಿ ಅಷ್ಟೇ.

ನನ್ನ ವಿಷಯ ಹೇಳುತ್ತೇನೆ. ನಮ್ಮದು ಸಾಗರದ ಕಡೆ ಹಳ್ಳಿ, ಅಡಿಕೆ ತೋಟದ ಮನೆ. ಜಲವರ್ಣ ಶುರುಮಾಡಿದ ಮೊದಲ ಎರಡು ವರ್ಷ ನಾನು ಕ್ಯಾಲೆಂಡರ್ ನೋಡಿ ಕಲ್ಲಿನ ರಥ, ಜೋಗ ಜಲಪಾತ ಬರೆದೆ. ಕೈ ಪಳಗಿತು, ನಿಜ. ಆದರೆ ಯಾವ ಚಿತ್ರವನ್ನೂ ಎರಡನೇ ಸಲ ನೋಡಬೇಕು ಅನ್ನಿಸುತ್ತಿರಲಿಲ್ಲ. ಒಂದು ಡಿಸೆಂಬರ್ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಮೆಟ್ಟುಗತ್ತಿ, ಅಂದರೆ ಕತ್ತಿ ಕೂರಿಸಿದ ಮಣೆ ಮೇಲೆ ಕೂತಿದ್ದರು, ತಲೆ ಮೇಲೆ ಒಂದೇ ಬಲ್ಬು. ಚಹಾ ಕೊಡಲು ಹೋದವನು ಒಬ್ಬರ ಕೈ ನೋಡುತ್ತಾ ನಿಂತುಬಿಟ್ಟೆ. ಕರೆ ಹಿಡಿದು ಹೆಬ್ಬೆರಳು ಕಪ್ಪಾಗಿತ್ತು, ಗಾಯ ಆಗದ ಹಾಗೆ ಹಳೇ ಸೀರೆಯ ಚಿಂದಿ ಸುತ್ತಿದ್ದರು. ಕತ್ತಿಯ ತುದಿಗೆ ಅಡಿಕೆ ಒತ್ತಿ ತಿರುಗಿಸಿದರೆ ಸಿಪ್ಪೆ ಎರಡಾಗಿ ಬಿಚ್ಚುತ್ತಿತ್ತು. ಸಿಪ್ಪೆಯ ಒಳಮೈ ಆ ಕ್ಷಣಕ್ಕೆ ಹಾಲಿನಷ್ಟು ಬಿಳಿ. ರಾಶಿಯ ಕೆಳಗೆ ಬಿದ್ದ ಹಳೇ ಸಿಪ್ಪೆ ಆಗಲೇ ಕಂದು. ಒಂದೇ ರಾಶಿಯಲ್ಲಿ ಬಿಳಿಯಿಂದ ಕಂದಿನವರೆಗೆ ಎಲ್ಲ ಛಾಯೆ ಇತ್ತು! ಹುಟ್ಟಿದಾಗಿನಿಂದ ಆ ರಾಶಿಯನ್ನು ದಾಟಿಕೊಂಡು ಓಡಾಡಿದವನು ನಾನು, ನೋಡಿರಲಿಲ್ಲ.

ಅವತ್ತು ಹಾಲಿನ ಲೆಕ್ಕದ ಚೀಟಿಯ ಹಿಂದೆ ಗೀಚಿಕೊಂಡದ್ದರಿಂದ ಆ ಬೇಸಿಗೆಯಲ್ಲಿ ಹನ್ನೊಂದು ಚಿತ್ರ ಆದವು. ಕೈ ಮಾತ್ರ, ಕತ್ತಿ ಮಾತ್ರ, ಬುಟ್ಟಿಯ ಬಾಯಿ, ಬಲ್ಬಿನ ಕೆಳಗೆ ಬಗ್ಗಿದ ಬೆನ್ನುಗಳ ಸಾಲು. ಈಗ ಊರಿಗೆ ಸುಲಿಯುವ ಮಷಿನ್ ಬಂದಿದೆ, ಸಾಲಾಗಿ ಕೂರುವುದು ಕಡಿಮೆಯಾಗಿದೆ. ಆ ಚಿತ್ರಗಳು ನನ್ನ ಹತ್ತಿರ ಇರುವುದಕ್ಕೆ ತುಂಬಾ ಸಂತೋಷವಿದೆ.

ಇನ್ನು ನೀವು ಮಾಡಬಹುದಾದ್ದು. ಅಂಗೈಯಲ್ಲಿ ಹಿಡಿಸುವ ಒಂದು ಪುಸ್ತಕ ತೆಗೆದುಕೊಳ್ಳಿ. ದುಬಾರಿದು ಬೇಡವೇ ಬೇಡ, ದುಬಾರಿ ಆದಷ್ಟೂ ಹಾಳೆ ಕೆಡಿಸಲು ಹೆದರಿಕೆ. ಜೊತೆಗೆ ಒಂದು 2ಬಿ ಪೆನ್ಸಿಲ್. ಎರಡೂ ಸ್ಟುಡಿಯೋದಲ್ಲಿ ಇರಬಾರದು, ಅಡುಗೆಮನೆಯಲ್ಲೋ ಬ್ಯಾಗಿನಲ್ಲೋ ಇರಲಿ. ದಿನಕ್ಕೆ ಒಂದೇ ವಸ್ತು, ಐದು ನಿಮಿಷ. ಚಿತ್ರ ಚೆನ್ನಾಗಿ ಬರಬೇಕು ಅಂತ ಏನಿಲ್ಲ. ಪಕ್ಕದಲ್ಲಿ ಬಣ್ಣವನ್ನು ಮಾತಿನಲ್ಲಿ ಬರೆಯಿರಿ. ಇದು ಬಹಳ ಮುಖ್ಯ. "ಹಸಿರು" ಅಂತ ಬರೆದರೆ ನಾಳೆ ಏನೂ ನೆನಪಾಗುವುದಿಲ್ಲ. "ಬೆಂದ ಬೀನ್ಸ್ ಹಸಿರು, ಅಂಚಿನಲ್ಲಿ ಹಳದಿ" ಅಂದರೆ ಸ್ಟುಡಿಯೋದಲ್ಲಿ ಆ ಬಣ್ಣ ಕಲಸಬಹುದು. ಬೆಳಕು ಯಾವ ಕಡೆಯಿಂದ ಬಿತ್ತು ಅಂತ ಒಂದು ಬಾಣದ ಗುರುತು, ಗಂಟೆ ಎಷ್ಟು ಅಂತ ಒಂದು ಅಂಕಿ. ಸಾಕು.

ಫೋಟೋ ತೆಗೆದುಕೊಂಡರೆ ಆಗಲ್ವಾ ಎಂದು ಬಹಳ ಜನ ಕೇಳುತ್ತಾರೆ. ತೆಗೆದುಕೊಳ್ಳಿ, ಆದರೆ ಗೀಚಿದ ಮೇಲೆ. ಬಿಸಿಲು ಜೋರಾಗಿದ್ದಾಗ ಫೋನಿನಲ್ಲಿ ನೆರಳು ಎಷ್ಟೋ ಸಲ ಬರೀ ಕಪ್ಪಾಗಿ ಬರುತ್ತದೆ. ಕಣ್ಣಿಗೆ ಅದೇ ನೆರಳಿನಲ್ಲಿ ನೀಲಿ, ನೇರಳೆ ಎಲ್ಲ ಕಾಣುತ್ತಿರುತ್ತದೆ. ಫೋಟೋ ನೋಡಿ ಬರೆದವರ ನೆರಳು ಸತ್ತ ಹಾಗಿರುವುದು ಅದಕ್ಕೇ. ನೆರಳು ಬರೆಯಲು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕಂದು ಸೇರಿಸಿ ನೋಡಿ. ನೀಲಿ ಜಾಸ್ತಿ ಆದರೆ ತಂಪು ಬೂದು, ಕಂದು ಜಾಸ್ತಿ ಆದರೆ ಬೆಚ್ಚನೆ ಬೂದು. ನಾನು ಕಪ್ಪು ಟ್ಯೂಬು ಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಭಾನುವಾರ ಆ ಪುಸ್ತಕ ಹಿಡಿದು ಸ್ಟುಡಿಯೋಗೆ ಹೋಗಿ. ಮೊದಲು ಸುಮ್ನೆ ಪುಟ ತಿರುಗಿಸಿ. ಕೇಳದೇ ಮೂರು ಸಲ ಬಂದ ವಸ್ತು ಯಾವುದಾದರೂ ಇರುತ್ತದೆ. ನಮ್ಮ ಗುಂಪಿನ ಇನ್ನೊಬ್ಬರಿಗೆ ಎಳನೀರು ಗಾಡಿ ಹಾಗೆ ಮತ್ತೆ ಮತ್ತೆ ಬಂತು. ಗಾಡಿಯಲ್ಲ, ಕೆತ್ತಿ ಎಸೆದ ಬುರುಡೆಗಳ ರಾಶಿ. ಅದೇ ನಿಮ್ಮ ವಿಷಯ ಅಂತ ತಿಳಿಯಿರಿ. ಒಂದು ತಿಂಗಳು ಅದನ್ನು ಬಿಡಬೇಡಿ. ದೊಡ್ಡ ಕಾಗದಕ್ಕೆ ಕೈ ಹಾಕುವ ಮುಂಚೆ ಬೆಂಕಿಪೊಟ್ಟಣದಷ್ಟು ಚೌಕ ಆರು ಎಳೆದು, ಬಿಳಿ, ನಡುಛಾಯೆ, ಕಡು, ಈ ಮೂರರಲ್ಲೇ ಆರು ಥರ ಜೋಡಿಸಿ. ಒಂದಾದರೂ ಚೌಕ "ನನ್ನನ್ನು ಬರಿ" ಅನ್ನುತ್ತದೆ. ಆಮೇಲೆ ಪೂರ್ತಿ ಹಾಳೆ ಬೇಡ. 22 ಇಂಚಿಗೆ 30 ಇಂಚಿನ 300 ಜಿಎಸ್‌ಎಂ, ಅಂದರೆ ದಪ್ಪನೆಯ ಹಾಳೆಯನ್ನು ಎಂಟು ತುಂಡು ಮಾಡಿ. ಒಂದು ಹಾಳೆಯ ದುಡ್ಡಿಗೆ ಎಂಟು ಚಿತ್ರ, ಕೆಟ್ಟರೂ ಹೊಟ್ಟೆ ಉರಿಯುವುದಿಲ್ಲ.

ಒಂದೇ ವಸ್ತು ಬರೆದು ಬರೆದು ಬೇಜಾರಾಗಲ್ವಾ ಅನ್ನಬಹುದು. ಇಟಲಿಯ ಬೊಲೊನ್ಯಾದಲ್ಲಿ ಜಾರ್ಜೊ ಮೊರಾಂಡಿ ಎಂಬ ಕಲಾವಿದ ಇದ್ದರು, 1964ರಲ್ಲಿ ತೀರಿಕೊಂಡರು. ತಂಗಿಯರ ಜೊತೆ ವಾಸ, ಮಲಗುವ ಕೋಣೆಯೇ ಸ್ಟುಡಿಯೋ. ಬಾಟಲಿ, ಹೂಜಿ, ಡಬ್ಬ, ಇವನ್ನೇ ಜಾಗ ಬದಲಿಸಿ ಬದಲಿಸಿ ದಶಕಗಟ್ಟಲೆ ಬರೆದರು. ಅವುಗಳ ಮೇಲೆ ಕೂತ ಧೂಳನ್ನೂ ಒರೆಸುತ್ತಿರಲಿಲ್ಲ. ಧೂಳು ಕೂತರೆ ಹೊಳಪು ಸಾಯುತ್ತದೆ, ಆಕಾರ ಮಾತ್ರ ಉಳಿಯುತ್ತದೆ. ಅವರ ಚಿತ್ರ ಹುಡುಕಿ ನೋಡಿ, ಎರಡು ಬಾಟಲಿಯ ನಡುವಿನ ಸಂದಿಯೇ ಮಾತಾಡುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಕಡೆ ದೀವರ ಸಮುದಾಯದ ಹೆಂಗಸರು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿ ನಾರು. ಬಣ್ಣ ಅಡುಗೆಮನೆಯಿಂದ, ಮಣ್ಣು ಗುಡ್ಡದಿಂದ. ವಿಷಯವೂ ಅಷ್ಟೇ, ಭತ್ತದ ತೆನೆ, ಮದುವೆಯ ಬಾಸಿಂಗ. ನಾನು ಕೂಡ ಅಡಿಕೆ ಬೇಯಿಸಿ ಉಳಿದ ಚೊಗರನ್ನು ಬಾಟಲಿಯಲ್ಲಿ ಎತ್ತಿಟ್ಟು ಗೀಚುವುದಕ್ಕೆ ಬಳಸುತ್ತೇನೆ. ತೆಳ್ಳಗೆ ಬಳಿದರೆ ಚಹಾ ಬಣ್ಣ, ಒಣಗಿದ ಮೇಲೆ ಇನ್ನೊಂದು ಪದರ ಕೊಟ್ಟರೆ ಇಟ್ಟಿಗೆ ಬಣ್ಣ. ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ತಾಗಿಸಿದರೆ ಬೂದುಗಪ್ಪಾಗುತ್ತದೆ. ಬೆಳಕಿಗೆ ಬಣ್ಣ ತಿರುಗುತ್ತದೆ, ಹಾಗಾಗಿ ಮಾರುವ ಚಿತ್ರಕ್ಕೆ ಬೇಡ. ಪುಸ್ತಕದ ಒಳಗಿರುವ ಚಿತ್ರಕ್ಕೆ ತೊಂದರೆ ಇಲ್ಲ. ನಿಮಗೆ ಬೆಂಗಳೂರಿನಲ್ಲಿ ಚೊಗರು ಸಿಗದಿದ್ದರೆ ಕಾಫಿ ಡಿಕಾಕ್ಷನ್ ಸಾಕು.

ಇನ್ನೊಂದು ಮಾತು. ಕಣ್ಣು ಮಾತ್ರ ಅಲ್ಲ, ಮೈಯೂ ಕಲಿಯಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಕಥಕ್ ಕಲಿತಿದ್ದರು. ಅವರ ಗೆರೆ ನೋಡಿದರೆ ಆ ಹೆಜ್ಜೆ ಕಾಣುತ್ತದೆ. ಚಪಾತಿ ಲಟ್ಟಿಸುವವರನ್ನು ಬರೆಯಬೇಕಾದರೆ ಮೊದಲು ನೀವೇ ನಾಲ್ಕು ಚಪಾತಿ ಲಟ್ಟಿಸಿ, ಭಾರ ಎಲ್ಲಿ ಬೀಳುತ್ತದೆ ಗಮನಿಸಿ. ಭುಜದಿಂದ ಅಂಗೈಗೆ ಇಳಿಯುವ ಆ ಗೆರೆ ಆಮೇಲೆ ತಪ್ಪುವುದಿಲ್ಲ.

ಈಗ ನಿಮ್ಮ ಬಾಲ್ಕನಿಗೆ ಬರುತ್ತೇನೆ. ಏನು ಬರೆಯಲಿ ಅಂತ ಕೇಳುವ ಸಾಲಿನಲ್ಲೇ ನೀವು ಚಿತ್ರ ಕೊಟ್ಟಿದ್ದೀರಿ. ಹೂಬತ್ತಿ ಮಾಡುತ್ತಾ ಕೂತ ಅತ್ತೆ. ಅವರನ್ನು ಒಂದು ಮಾತು ಕೇಳಿ, ಮುಖ ಬರೆಯುವುದಿಲ್ಲ, ಕೈ ಮಾತ್ರ ಅಂತ ಹೇಳಿ. ಹೆಚ್ಚಿನ ಹಿರಿಯರು ಅಷ್ಟಕ್ಕೆ ಒಪ್ಪುತ್ತಾರೆ. ಹತ್ತಿರ ಕೂತು, ಹತ್ತಿ ಎಳೆಯುವಾಗ, ಬೂದಿಯೋ ಹಾಲೋ ಮುಟ್ಟಿಸಿ ತುದಿ ಹೊಸೆಯುವಾಗ ಬೆರಳು ಹೇಗೆ ಸೇರುತ್ತದೆ ನೋಡಿ. ಅವರು ಕೈ ಎತ್ತಿ ಇಟ್ಟು ಮತ್ತೆ ಅದೇ ಮಾಡುತ್ತಾರೆ, ಹಾಗಾಗಿ ಒಂದೇ ಭಂಗಿ ನಿಮಗೆ ಹತ್ತು ಸಲ ಸಿಗುತ್ತದೆ. ಇದಕ್ಕಿಂತ ಒಳ್ಳೆ ಮಾಡೆಲ್ ಯಾವ ಕಲಾಶಾಲೆಯಲ್ಲೂ ಸಿಗುವುದಿಲ್ಲ.

ಒಂದು ಕಷ್ಟ ಬರುತ್ತದೆ, ಬಿಳಿ ಹತ್ತಿಯನ್ನು ಬಿಳಿ ಕಾಗದದಲ್ಲಿ ಹೇಗೆ ಬರೆಯುವುದು ಅಂತ. ಹತ್ತಿಯನ್ನು ಮುಟ್ಟಲೇ ಬೇಡಿ. ಬತ್ತಿ ಇಡುವ ತಟ್ಟೆ ಹಿತ್ತಾಳೆಯದೋ ತಾಮ್ರದ್ದೋ ಇರಲಿ, ತಟ್ಟೆಯ ಬಣ್ಣವನ್ನು ಬತ್ತಿಯ ಅಂಚಿನವರೆಗೆ ತಂದು ನಿಲ್ಲಿಸಿ. ಕಾಗದ ಒದ್ದೆ ಇರುವಾಗಲೇ ಅಂಚನ್ನು ಅಲ್ಲಲ್ಲಿ ಶುದ್ಧ ನೀರಿನ ಕುಂಚದಿಂದ ಮೆತ್ತಗೆ ಮಾಡಿ, ಎಲ್ಲ ಕಡೆ ಬೇಡ. ಎಳೆಎಳೆಯಾಗಿ ಹತ್ತಿ ಎದ್ದು ಬರುತ್ತದೆ. ಮೊದಲನೆಯದು ಹೇಗೆ ಬಂದರೂ ಇಲ್ಲಿ ಹಾಕಿ, ನೋಡಬೇಕು ಅಂತ ಆಸೆ ಇದೆ.