ಏರಿನಲ್ಲಿ ಕಾರು ಜರ್ಕ್ ಹೊಡೆಯುತ್ತಿದ್ದರೆ

ಪೆಟ್ರೋಲ್ ಕಾರು ಏರು ಹತ್ತುವಾಗ ಮಾತ್ರ ಜರ್ಕ್ ಹೊಡೆದು, ಆಗಲೇ ಚೆಕ್ ಎಂಜಿನ್ ದೀಪ ಮಿನುಗಿದರೆ ಹೆಚ್ಚಾಗಿ ಅದು ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕಾರಣ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲವೇ ಅದಕ್ಕೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಇರಬಹುದು. ದೀಪ ಮಿನುಗುವಾಗ ಜೋರಾಗಿ ಓಡಿಸಬೇಡಿ, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಅದು ತುಂಬಾ ದುಬಾರಿ.

ಮೊದಲು ಕಾರಿಗೆ ಸ್ಕ್ಯಾನರ್ (ದೋಷದ ಕೋಡ್ ಓದುವ ಸಾಧನ) ಹಾಕಿ ಕೋಡ್ ನೋಡಿ. ಉದಾಹರಣೆಗೆ ಪಿ0302 ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಸಿಲಿಂಡರಿಗೊಂದು ಕಾಯಿಲ್ ಇದ್ದರೆ, ಎಂಜಿನ್ ತಣ್ಣಗಾದ ಮೇಲೆ ಎರಡನೆಯದರ ಕಾಯಿಲನ್ನು ಮೂರನೆಯದರ ಕಾಯಿಲ್ ಜೊತೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ಲೇ ಹೋಗಿದೆ. ಕೋಡ್ ಹಾಗೇ ಇದ್ದರೆ ಪ್ಲಗ್ ಬಿಚ್ಚಿ. ನನ್ನ ಕಾರಿನಲ್ಲಿ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಇತ್ತು, ಕಿಡಿ ಅಲ್ಲೇ ಸೋರುತ್ತಿತ್ತು. ಬದಲಿಸುವಾಗ ಎಲ್ಲ ಪ್ಲಗ್ ಒಟ್ಟಿಗೇ ಬದಲಿಸಿ. ಪ್ಲಗ್ಗೂ ಸರಿ ಇದ್ದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕಾರಣ ಇರಬಹುದು, ಅದನ್ನು ಗ್ಯಾರೇಜಿನಲ್ಲೇ ತೋರಿಸಿ.