ಕಾಸರಗೋಡು ಪುಟದಲ್ಲಿ ಏನಿರುತ್ತದೆ ಎಂದು ಕೇಳಿದ ಗೆಳೆಯನಿಗೆ

"ನಿಮ್ಮ ಕಾಸರಗೋಡು ಪುಟದಲ್ಲಿ ದೇವಸ್ಥಾನದ ಬ್ರಹ್ಮಕಲಶ, ಯಕ್ಷಗಾನ, ನಿಧನ ವಾರ್ತೆ ಬಿಟ್ಟರೆ ಏನಿರುತ್ತೆ? ತನಿಖಾ ವರದಿ ಎಲ್ಲ ದೊಡ್ಡ ಊರಿನವರ ಕೆಲಸ ಅಲ್ವಾ?" ಎಂದು ಕೇಳಿದೆಯಲ್ಲ, ಫೋನಿನಲ್ಲಿ ಅದಕ್ಕೆ ಉತ್ತರ ಕೊಡಲು ಆಗಲಿಲ್ಲ. ಬರೆದೇ ಹೇಳುತ್ತೇನೆ.

ಬ್ರಹ್ಮಕಲಶದ ಸುದ್ದಿ ಇರುತ್ತದೆ. ಇರಬೇಕು ಕೂಡ, ಊರಿನವರು ಪೇಪರ್ ಬಿಡಿಸುವುದೇ ಅದಕ್ಕೆ. ಆದರೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ನೀನೂ ಕೇಳಿದ್ದೀಯ. ಅದರ ಕೆಡುಕು ಮೊದಲು ಕಂಡದ್ದು ದೊಡ್ಡ ಊರಿನ ವರದಿಗಾರರಿಗಲ್ಲ. 1979ರಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಒಬ್ಬ ರೈತರ ಹಟ್ಟಿಯಲ್ಲಿ ಕಾಲು ಸೊಟ್ಟಗಿದ್ದ ಕರುಗಳು ಹುಟ್ಟಿದವು. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ ಅದರ ಬೆನ್ನು ಹಿಡಿದರು. ಪಕ್ಕದ ಗುಡ್ಡದಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಅಲ್ಲಿಗೆ ಹೆಲಿಕಾಪ್ಟರಿನಲ್ಲಿ ಇದೇ ಔಷಧಿ ಬಿಡುತ್ತಿದ್ದರು. ಕರುಗಳ ಕಾಲಿಗೂ ಆ ಔಷಧಿಗೂ ಸಂಬಂಧ ಇದೆಯಾ ಎಂದು ಅವರು ಪತ್ರಿಕೆಯಲ್ಲೇ ಕೇಳಿದರು. ಸಿಂಪಡಣೆ ನಿಂತದ್ದು 2000ದಲ್ಲಿ. ಅಷ್ಟರೊಳಗೆ ಒಂದು ತಲೆಮಾರಿನ ಮಕ್ಕಳು ಕಾಯಿಲೆ, ಅಂಗವೈಕಲ್ಯ ಹೊತ್ತು ಹುಟ್ಟಿಯಾಗಿತ್ತು ಮಾರಾಯ.

ಸಿಂಪಡಿಸುವ ಮೊದಲು ನೀರಿನ ಮೂಲ ಮುಚ್ಚಬೇಕು ಎಂದು ನಿಯಮ ಇತ್ತು. ಬಾವಿಯಾದರೆ ತೆಂಗಿನ ಮಡಲು ಹಾಸಬಹುದು. ಪಡ್ರೆ ಕಡೆ ನೀರು ಬರುವುದು ಸುರಂಗದಿಂದ. ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟು ಕೊರೆಯುತ್ತಾರೆ. ನೀರು ತಾನಾಗಿ ಹರಿದು ಬಂದು ಅಂಗಳದ ಮೇಲಿನ ಟ್ಯಾಂಕಿಗೆ ಬೀಳುತ್ತದೆ. ಗೇರು ತೋಟ ಇರುವುದು ಅದೇ ಗುಡ್ಡದ ತಲೆಯ ಮೇಲೆ. ಮಳೆ ಬಂದರೆ ಅಲ್ಲಿಯದೆಲ್ಲ ತೋಡಿಗೆ, ತೋಡಿನಿಂದ ಅಡಿಕೆ ತೋಟಕ್ಕೆ. ಯಾವುದನ್ನು ಮುಚ್ಚುವುದು ಹೇಳು? ಕಚೇರಿಯಲ್ಲಿ ಕೂತು ನಿಯಮ ಓದುವವರಿಗೆ ಈ ಪ್ರಶ್ನೆ ಬರುವುದಿಲ್ಲ. ಸುರಂಗದ ನೀರು ಕುಡಿದು ಬೆಳೆದ ವರದಿಗಾರನಿಗೆ ಮೊದಲು ಬರುವುದೇ ಇದು.

ವಾಣೀನಗರದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಹತ್ತಿರ ಬರುವ ರೋಗಿಗಳಲ್ಲಿ ಯಾವ ಮನೆಯವರಿಗೆ ಎಂತಹ ಕಾಯಿಲೆ ಎಂದು ಗಮನಿಸುತ್ತಾ ಹೋದರು. ಪೆರಿಯದ ಲೀಲಾಕುಮಾರಿ ಅಮ್ಮ ಸಿಂಪಡಣೆ ನಿಲ್ಲಿಸಿ ಎಂದು 1998ರಲ್ಲಿ ಕೋರ್ಟಿಗೆ ಹೋದರು. ಮಲಯಾಳ ಪತ್ರಿಕೆ ಮಾತೃಭೂಮಿಯ ಮಧುರಾಜ್ ತೆಗೆದ ಫೋಟೋಗಳು ಬಂದಾಗ ಕೇರಳ ಪೂರ್ತಿ ಈ ಕಡೆ ತಿರುಗಿ ನೋಡಿತು. ದೆಹಲಿಯ ಪರಿಸರ ಸಂಸ್ಥೆ ಸಿಎಸ್‌ಇಯವರು ಪಡ್ರೆಗೆ ಬಂದು ನೀರು, ರಕ್ತ ಪರೀಕ್ಷೆ ಮಾಡಿಸಿದ್ದು 2001ರಲ್ಲಿ. ಕನ್ನಡದವರು, ಮಲಯಾಳದವರು ಎಂದು ನಾವು ಈ ವಿಷಯದಲ್ಲಿ ಯಾವತ್ತೂ ಬೇರೆ ಮಾಡಲಿಲ್ಲ.

ಈಗ ನನ್ನ ಮಂಡೆಬಿಸಿ ಕೇಳು. ನಮ್ಮ ವರದಿ ಅಚ್ಚಾಗುವುದು ಮಂಗಳೂರಿನಲ್ಲಿ, ಕಾಸರಗೋಡು ಪುಟದಲ್ಲಿ. ರಾಜ್ಯದ ಗಡಿಯ ತಲಪಾಡಿ ಗೇಟಿನ ಆಚೆಗೆ, ಕರ್ನಾಟಕಕ್ಕೆ ಹೋಗುವ ಪ್ರತಿಯಲ್ಲಿ ಆ ಜಾಗದಲ್ಲಿ ಬೇರೆ ಪುಟ ಇರುತ್ತದೆ. ಬೆಂಗಳೂರಿನಲ್ಲಿ ನಿನ್ನ ಕೈಗೆ ಬರುವ ಪೇಪರಿನಲ್ಲಿ ಅದು ಇರುವುದಿಲ್ಲ. ಉತ್ತರ ಕೊಡಬೇಕಾದ ಮೇಲಧಿಕಾರಿ ಇರುವುದು ತಿರುವನಂತಪುರದಲ್ಲಿ. ಅವರ ಮೇಜಿಗೆ ಕನ್ನಡ ಪೇಪರ್ ಹೋಗುವುದಿಲ್ಲ. ಕೊನೆಗೆ ನಾನೇ ಮಲಯಾಳ ಪತ್ರಿಕೆಯ ಗೆಳೆಯನಿಗೆ ವಿಷಯ ದಾಟಿಸುತ್ತೇನೆ. ಅವನು ಬರೆದ ಮರುದಿನ ಊರಿಗೆ ಜೀಪು ಬರುತ್ತದೆ. ಸುದ್ದಿ ಯಾರ ಹೆಸರಿನಲ್ಲಿ ಬಂತು ಎಂಬ ಹಠ ನನಗಿಲ್ಲ. ಆದರೆ ಪ್ರತಿ ಸಲ ಹೀಗೆ ಸುತ್ತಿ ಬರುವಷ್ಟರಲ್ಲಿ ವಾರಗಳು ಹೋಗುತ್ತವೆ. ಹಾಸಿಗೆ ಹಿಡಿದ ಮಗು ಇರುವ ಮನೆಗೆ ವಾರ ಅಂದರೆ ದೊಡ್ಡದು.

ದಾಖಲೆಯದ್ದು ಇನ್ನೂ ಕಷ್ಟ. ಕಾಸರಗೋಡಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು ಎಂದು 1969ರ ಕೇರಳದ ಕಾನೂನೇ ಹೇಳುತ್ತದೆ. ನಾನು 10 ರೂಪಾಯಿ ಸ್ಟಾಂಪು ಅಂಟಿಸಿ ಒಂದು ಕಚೇರಿಗೆ ಆರ್‌ಟಿಐ ಅರ್ಜಿ ಹಾಕಿದೆ, ಕನ್ನಡದಲ್ಲಿ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಿಂದ ಕೈಬಿಟ್ಟವರನ್ನು ಯಾವ ಕಾರಣಕ್ಕೆ ಬಿಟ್ಟಿರಿ ಎಂದು ಕೇಳಿದ್ದೆ. ಉತ್ತರ ಬಂದದ್ದು ಮಲಯಾಳದಲ್ಲಿ, ಅದೂ ಕೈಬರಹದಲ್ಲಿ. ಕೊನೆಯ ಸಾಲು ಮಾತ್ರ ಸ್ಪಷ್ಟ: ಮಾಹಿತಿ ಬೇರೆ ವಿಭಾಗದಲ್ಲಿದೆ. ನನಗೆ ಮಲಯಾಳ ಬರುತ್ತದೆ, ನಮಗೆಲ್ಲ ತುಳು, ಮಲಯಾಳ, ಕನ್ನಡ ಬಾಯಿಗೆ ಹತ್ತಿದ್ದೇ. ಆದರೆ ಪಟ್ಟಿಯಿಂದ ಬಿಟ್ಟುಹೋದ ಹುಡುಗಿಯ ತಾಯಿ ಕನ್ನಡ ಶಾಲೆಯಲ್ಲಿ ಕಲಿತವರು. ಅವರ ಮಗಳನ್ನು ಯಾಕೆ ಬಿಟ್ಟರು ಎಂಬುದನ್ನು ಅವರೇ ಓದಿ ತಿಳಿಯಬೇಕಲ್ಲ?

ಆ ಹುಡುಗಿಯ ಚಿಕಿತ್ಸೆ ಪೂರ್ತಿ ಮಂಗಳೂರಿನಲ್ಲಿ ಆದದ್ದು. ಇಲ್ಲಿಂದ ಹತ್ತಿರದ ದೊಡ್ಡ ಆಸ್ಪತ್ರೆ ಅಂದರೆ ಅದೇ. ಕಂತೆ ಕಟ್ಟಿದ ಫೈಲು ತಂದರೆ, ಬೇರೆ ರಾಜ್ಯದ ಚೀಟಿ ಎಂದು ಪಕ್ಕಕ್ಕಿಡುತ್ತಾರೆ. ಬೆಳ್ತಂಗಡಿಯ ಕೊಕ್ಕಡ ಕಡೆ ಕರ್ನಾಟಕದ ಗೇರು ನಿಗಮವೂ ಇದೇ ವಿಷ ಸಿಂಪಡಿಸಿತ್ತು, ಅಲ್ಲಿಗೆ ಬೇರೆ ಪಟ್ಟಿ. ಎಣ್ಮಕಜೆಯಲ್ಲಿ ಹುಟ್ಟಿ ಪುತ್ತೂರಿನ ಕಡೆಗೆ ಮದುವೆಯಾಗಿ ಹೋದವಳ ಮಗು ಯಾವ ಪಟ್ಟಿಗೆ? ಇದನ್ನು ಬರೆಯಲು ಎರಡೂ ಕಡೆಯ ಕಚೇರಿಗೆ ಅಲೆಯಬೇಕು. ಅಲೆಯುವವರು ನಮ್ಮಲ್ಲೇ ಇರುವುದು.

2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಿ ಎಂದು ಕೇರಳಕ್ಕೆ ಹೇಳಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡಿದಾಗ 3,704 ಮಂದಿಯಲ್ಲಿ 8 ಮಂದಿಗೆ ಮಾತ್ರ ಹಣ ಸಿಕ್ಕಿತ್ತು. ಆ ಎಂಟೂ ಮಂದಿ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರು. ಹಂಚಿಕೆಗೆ ವೇಗ ಬಂದದ್ದು ಅದರ ನಂತರವೇ. ನಡುವಿನ ಐದು ವರ್ಷ ಯಾರ ಮನೆಗೆ ಹಣ ಬಂದಿಲ್ಲ, ಯಾರು ಕಾದು ತೀರಿಹೋದರು ಎಂದು ಬರೆದದ್ದು ನೀನು ಹೇಳಿದ ಅದೇ ನಿಧನ ವಾರ್ತೆಯ ಪುಟದಲ್ಲಿ.

"ಹೇಗೂ ನೀವು ಕೇರಳದವರಾಗಿಬಿಟ್ಟಿದ್ದೀರಲ್ಲ" ಎಂದೂ ಒಂದು ಮಾತು ಹೇಳಿದೆ. 1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು, ಊರು ಇದ್ದಲ್ಲೇ ಇದೆ. ನಮ್ಮ ರೇಷನ್ ಕಾರ್ಡು ಕೇರಳದ್ದು, ಮನೆಮಾತು ನಮ್ಮದು. ಎರಡನ್ನೂ ಇಟ್ಟುಕೊಂಡೇ ಪ್ರಶ್ನೆ ಕೇಳುತ್ತೇವೆ.

ಆ ಆರ್‌ಟಿಐಗೆ ಮೇಲ್ಮನವಿ ಹಾಕಿದ್ದೇನೆ. ವಿಚಾರಣೆಗೆ ತಿರುವನಂತಪುರಕ್ಕೆ ಕರೆದರೆ ರಾತ್ರಿ ರೈಲಿಗೆ ಹೋಗುತ್ತೇನೆ. ಉತ್ತರ ಬಂದ ದಿನ ಆ ಪುಟದ ಫೋಟೋ ತೆಗೆದು ನಿನಗೂ ಕಳಿಸುತ್ತೇನೆ, ಬೆಂಗಳೂರಿನಲ್ಲಿ ನಾಲ್ಕು ಜನರಿಗೆ ತೋರಿಸು.