ಉದ್ಯೋಗಿಗಳ ಮನೆ-ಬದುಕಿನ ಬಗ್ಗೆ ಕಂಪನಿ ಯಾಕೆ ತಲೆಕೆಡಿಸಿಕೊಳ್ಳಬೇಕು?

ಕಂಪನಿಗೇ ಲಾಭ, ಅದಕ್ಕೆ. ಬೆಂಗಳೂರಿನ ಐಟಿ ಕೆಲಸವನ್ನೇ ನೋಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರಿ, ತಟ್ಟೆಯಲ್ಲಿ ಅನ್ನ ಕಲಸುವಷ್ಟರಲ್ಲಿ ಅಮೆರಿಕದ ಕ್ಲೈಂಟ್ ಕಾಲ್ ಬರುತ್ತದೆ, ಆಮೇಲೆ ನಿದ್ದೆಗಣ್ಣಲ್ಲಿ ಬರೆದ ಕೋಡ್‌ನ ತಪ್ಪು ಹುಡುಕೋಕೆ ಮರುದಿನ ಇಡೀ ಟೀಮ್ ಕೂರಬೇಕು. ಉಳಿತಾಯ ಎಲ್ಲಿ ಬಂತು? ರೋಸಿಹೋದ ಒಳ್ಳೆಯ ಕೆಲಸಗಾರರು ಬಿಟ್ಟು ಹೋದರೆ ಹೊಸಬರನ್ನು ಹುಡುಕಿ ಕೆಲಸ ಕಲಿಸೋಕೆ ತಿಂಗಳುಗಳೇ ಬೇಕು, ಅಲ್ವಾ? ಆರೋಗ್ಯದ ಮಾತೂ ಸುಮ್ನೆ ಅಲ್ಲ: ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಇನ್ನೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಶುಕ್ರವಾರದ ಯೋಗ ಕ್ಲಾಸ್ ಸಾಲದು. ರಾತ್ರಿ ಹತ್ತಕ್ಕೆ ಮ್ಯಾನೇಜರ್ ವಾಟ್ಸಾಪ್‌ನಲ್ಲಿ 'ಒಂದ್ನಿಮಿಷ ಬರ್ತೀರಾ' ಅನ್ನೋದು ಮೊದಲು ನಿಲ್ಲಬೇಕು.